ಚಿತ್ರದ ಕುದುರೆಯ ದೋಷ

ಗಣಕಯಂತ್ರದಲ್ಲಿ ಕಲ್ಪಿತ ದೃಶ್ಯವೊಂದನ್ನು ರಚಿಸಿದ ಕಲಾವಿದನು ಆಕೃತಿ, ಬಣ್ಣ, ದೀಪ, ಕ್ಯಾಮೆರಾ ಯಾವುದನ್ನೂ ಮುಟ್ಟದೆ, ತಂತ್ರಾಂಶವನ್ನು ಮಾತ್ರ ಹೊಸ ಆವೃತ್ತಿಗೆ ಅಪ್‌ಡೇಟ್ ಮಾಡಿಕೊಂಡು, ಅದೇ ದೃಶ್ಯದಿಂದ ಮತ್ತೊಮ್ಮೆ ಚಿತ್ರವನ್ನು ಪಡೆದಾಗ, ಎಷ್ಟೋ ಸಲ ಹಿಂದಿನದಕ್ಕಿಂತ ಬೇರೆಯಾದ ಚಿತ್ರ ಬರುತ್ತದೆ. ನೆರಳು ತುಸು ತೆಳುವಾಗಿರುತ್ತದೆ, ಲೋಹದ ಹೊಳಪು ಬದಲಾಗಿರುತ್ತದೆ, ಮುಖದ ಮೇಲಿನ ಬೆಳಕು ಮೊದಲಿನ ಹದದಲ್ಲಿರುವುದಿಲ್ಲ. ಹೊಸ ಆವೃತ್ತಿಯ ಜೊತೆಗೆ ಬಂದ ಟಿಪ್ಪಣಿ ಇದನ್ನು ದೋಷ ಪರಿಹಾರವೆಂದು ಕರೆಯುತ್ತದೆ. ಈ ಎರಡು ಚಿತ್ರಗಳಲ್ಲಿ ನಿಜವಾದದ್ದು ಯಾವುದು, ಹೊಸದೇ ಸರಿಯೆನ್ನುವುದಾದರೆ ಇದುವರೆಗೆ ನೋಡಿ ಮೆಚ್ಚಿದ ಹಳೆಯದು ಈಗ ಸುಳ್ಳಾಯಿತೇ ಅಥವಾ ಮೊದಲಿನಿಂದಲೂ ಸುಳ್ಳಾಗಿಯೇ ಇತ್ತೇ ಎಂಬುದು ತಂತ್ರಜ್ಞರ ಸಂದೇಹದಂತೆ ಕಂಡರೂ, ಇಂಥ ಪ್ರಶ್ನೆಗಳನ್ನು ಬಹು ಹಿಂದೆಯೇ ಕೈಗೆತ್ತಿಕೊಂಡವರು ನ್ಯಾಯ ಮೀಮಾಂಸೆಗಳ ವಿದ್ವಾಂಸರು, ಕಾವ್ಯದ ಲಕ್ಷಣ ಹೇಳಿದ ಆಲಂಕಾರಿಕರು ಮತ್ತು ದೇವಾಲಯದ ಜೀರ್ಣೋದ್ಧಾರಕ್ಕೆ ವಿಧಿ ರೂಪಿಸಿದ ಆಗಮಿಕರು.

ದೃಶ್ಯದ ವಿವರಗಳನ್ನು ಲೆಕ್ಕ ಹಾಕಿ ಚಿತ್ರವನ್ನಾಗಿ ಮಾರ್ಪಡಿಸುವ ಕ್ರಿಯೆಗೆ ರೆಂಡರಿಂಗ್ ಎಂದು ಹೆಸರು. ದೀಪದಿಂದ ಹೊರಟ ಬೆಳಕು ಗೋಡೆ, ನೆಲ, ಮೈಗಳನ್ನು ಬಡಿದು ಪ್ರತಿಫಲಿಸಿ, ಕೊನೆಗೆ ಕ್ಯಾಮೆರಾದ ಕಣ್ಣಿಗೆ ಎಷ್ಟು ತಲುಪುತ್ತದೆಂಬುದನ್ನು ಒಂದೇ ಸಮೀಕರಣದಲ್ಲಿ ಹಿಡಿದಿಟ್ಟವನು ಜೇಮ್ಸ್ ಕಾಜಿಯಾ. ಅವನ ಪ್ರಬಂಧ ಪ್ರಕಟವಾದದ್ದು 1986ರಲ್ಲಿ. ಆ ಸಮೀಕರಣವನ್ನು ಪೂರ್ಣವಾಗಿ ಬಿಡಿಸುವುದು ಸಾಧಾರಣ ದೃಶ್ಯಗಳಲ್ಲಿ ಅಸಾಧ್ಯವಾದ್ದರಿಂದ, ಇಂದಿನ ತಂತ್ರಾಂಶಗಳು ಬೆಳಕಿನ ಅಸಂಖ್ಯ ಹಾದಿಗಳಲ್ಲಿ ಕೆಲವನ್ನು ಯಾದೃಚ್ಛಿಕವಾಗಿ ಆರಿಸಿ, ಅವುಗಳ ಸರಾಸರಿಯನ್ನು ಉತ್ತರವೆಂದು ಒಪ್ಪಿಕೊಳ್ಳುತ್ತವೆ. ಡಚ್ ತಂತ್ರಜ್ಞ ಟಾನ್ ರೂಸೆಂಡಾಲ್ 1994ರಲ್ಲಿ ಬರೆಯಲಾರಂಭಿಸಿದ, 2002ರಲ್ಲಿ ಮುಕ್ತ ತಂತ್ರಾಂಶವಾದ ಬ್ಲೆಂಡರ್ ಈ ಚರ್ಚೆಗೆ ತಕ್ಕ ಉದಾಹರಣೆ. ಹಣ ಕೊಡದೆ ಪಡೆಯಬಹುದಾದ್ದರಿಂದ ದೊಡ್ಡ ಸ್ಟುಡಿಯೋ ಇಲ್ಲದ ಊರುಗಳಲ್ಲೂ, ತುಮಕೂರು ಜಿಲ್ಲೆಯ ಶೆಟ್ಟಿಕೆರೆಯಂಥ ಹೋಬಳಿ ಕೇಂದ್ರದಲ್ಲೂ, ಆಸಕ್ತ ವಿದ್ಯಾರ್ಥಿಯೊಬ್ಬನು ಇದನ್ನು ಬಳಸಬಲ್ಲನು. ಅದರಲ್ಲಿ ಬೆಳಕಿನ ಹಾದಿಗಳನ್ನು ಹಿಂಬಾಲಿಸುವ ಸೈಕಲ್ಸ್ ಎಂಬ ರೆಂಡರ್ ವ್ಯವಸ್ಥೆ 2011ರಲ್ಲಿ ಸೇರಿತು. ಅದಕ್ಕೂ ಹಿಂದಿನ ರೆಂಡರ್ ವ್ಯವಸ್ಥೆಯನ್ನು 2019ರ 2.80 ಆವೃತ್ತಿಯಲ್ಲಿ ಪೂರ್ತಿ ತೆಗೆದುಹಾಕಲಾಯಿತು. ಶೀಘ್ರ ರೆಂಡರಿಂಗ್‌ಗೆಂದು ಇರುವ ಈವಿ ಎಂಬ ವ್ಯವಸ್ಥೆಯನ್ನು 2024ರ 4.2 ಆವೃತ್ತಿಯಲ್ಲಿ ಬುಡದಿಂದ ಹೊಸದಾಗಿ ಬರೆಯಲಾಯಿತು. ಪ್ರತಿ ಹಂತದಲ್ಲೂ ಹಳೆಯ ದೃಶ್ಯಗಳು ಹೊಸ ಮುಖ ತಳೆದವು.

ಎಲ್ಲ ದೋಷಗಳೂ ಒಂದೇ ಜಾತಿಯವಲ್ಲ. ಕನ್ನಡದ ಶೀರ್ಷಿಕೆಯೊಂದನ್ನು ತೆರೆಯ ಮೇಲೆ ತರುವಾಗ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಂತರೆ, ಅರ್ಕಾವತ್ತು ತಪ್ಪು ಸ್ಥಾನದಲ್ಲಿ ಕುಳಿತರೆ, ಅದು ದೋಷವೆಂಬುದರಲ್ಲಿ ಎರಡನೆಯ ಮಾತಿಲ್ಲ. ಲಿಪಿಯನ್ನು ಓದುವ ಸಮಾಜದ ಒಪ್ಪಂದವೇ ಅಲ್ಲಿ ಪ್ರಮಾಣ, ಮತ್ತು ಅದನ್ನು ಸರಿಪಡಿಸಿದರೆ ಯಾರಿಗೂ ನಷ್ಟವಿಲ್ಲ. ಬೆಳಕಿನ ಲೆಕ್ಕದಲ್ಲಾದರೋ ವಿಷಯ ಇಷ್ಟು ಸರಳವಲ್ಲ. ರೆಂಡರ್ ಆದ ಚಿತ್ರದಲ್ಲಿ ಅಲ್ಲಲ್ಲಿ ಕಣ್ಣು ಕುಕ್ಕುವ ಬಿಳಿಯ ಚುಕ್ಕೆಗಳು ಏಳುವುದುಂಟು. ವೃತ್ತಿಯವರು ಇವನ್ನು ಮಿಂಚುಹುಳಗಳೆಂದೇ ಕರೆಯುತ್ತಾರೆ. ಅಪರೂಪಕ್ಕೆ ಆಯ್ಕೆಯಾದ, ಆದರೆ ಅತಿ ಪ್ರಖರವಾದ ಬೆಳಕಿನ ಹಾದಿಯೊಂದು ಸರಾಸರಿಯಲ್ಲಿ ಬಂದು ಸೇರಿದಾಗ ಹೀಗಾಗುತ್ತದೆ. ಗಣಿತದ ದೃಷ್ಟಿಯಿಂದ ಅದು ನ್ಯಾಯವಾಗಿಯೇ ಲೆಕ್ಕಕ್ಕೆ ಸೇರಬೇಕಾದ ಬೆಳಕು. ಮಾದರಿಗಳ ಸಂಖ್ಯೆ ಏರುತ್ತ ಹೋದಂತೆ ಆ ಚುಕ್ಕೆ ತಾನಾಗಿ ಸುತ್ತಲಿನ ಬೆಳಕಿನಲ್ಲಿ ಕರಗಬೇಕು. ಅಷ್ಟು ಕಾಯಲು ಸಮಯವಿಲ್ಲದ ಕಾರಣ, ನಿಗದಿತ ಮಿತಿಗಿಂತ ಹೆಚ್ಚು ಪ್ರಖರವಾದದ್ದನ್ನೆಲ್ಲ ಕತ್ತರಿಸಿಹಾಕುವ ಉಪಾಯವನ್ನು ತಂತ್ರಾಂಶ ಒದಗಿಸುತ್ತದೆ. ಚುಕ್ಕೆಗಳು ಮಾಯವಾಗುತ್ತವೆ, ಜೊತೆಗೆ ದೃಶ್ಯದಲ್ಲಿ ಇರಬೇಕಾಗಿದ್ದ ಬೆಳಕಿನ ಒಂದು ಪಾಲೂ ಹೋಗುತ್ತದೆ. ಇಲ್ಲಿ ದೋಷವೆನಿಸಿಕೊಂಡದ್ದು ಸತ್ಯದ ತುಣುಕು, ಪರಿಹಾರವೆನಿಸಿಕೊಂಡದ್ದು ಸತ್ಯದ ಕಡಿತ. ದೋಷವೆಂದರೆ ಅಸತ್ಯ, ಪರಿಹಾರವೆಂದರೆ ಸತ್ಯಕ್ಕೆ ಮರಳುವುದು ಎಂಬ ಸಮೀಕರಣ ಈ ಒಂದೇ ಉದಾಹರಣೆಯಿಂದ ಮುರಿದುಬೀಳುತ್ತದೆ.

ಹಾಗಾದರೆ ಚಿತ್ರದ ಸರಿತಪ್ಪುಗಳನ್ನು ಯಾವುದರಿಂದ ಅಳೆಯಬೇಕು? ಒಂಬತ್ತನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಶ್ರೀಶಂಕುಕನು ಕೊಟ್ಟ ದೃಷ್ಟಾಂತವೊಂದು ಇಲ್ಲಿ ಬೆಳಕು ಚೆಲ್ಲುತ್ತದೆ. ಅವನ ಗ್ರಂಥ ಉಳಿದಿಲ್ಲ. ಅವನ ಮತವು ತಿಳಿಯುವುದು ಅದನ್ನು ಖಂಡಿಸಿದ ಆಲಂಕಾರಿಕ ಅಭಿನವಗುಪ್ತನ ಬರಹದಿಂದ. ಕನ್ನಡದ ಓದುಗರಿಗೆ ಈ ರಸಚರ್ಚೆಯನ್ನು 1953ರಲ್ಲಿ ಪ್ರಕಟವಾದ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಸುಲಭವಾಗಿ ದೊರೆಯುವಂತೆ ಮಾಡಿದ ತೀ.ನಂ. ಶ್ರೀಕಂಠಯ್ಯನವರು ಶೆಟ್ಟಿಕೆರೆಯಿರುವ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರೇ. ರಾಮನ ಪಾತ್ರ ಧರಿಸಿದ ನಟನನ್ನು ಕಂಡ ಪ್ರೇಕ್ಷಕನಿಗೆ ‘ಇವನು ದಿಟವಾಗಿ ರಾಮ’ ಎಂಬ ಯಥಾರ್ಥ ಜ್ಞಾನವಾಗಲಿ, ‘ರಾಮನೆಂದುಕೊಂಡಿದ್ದೆ, ಅಲ್ಲ’ ಎಂಬ ಭ್ರಮೆಯ ಅರಿವಾಗಲಿ, ‘ಹೌದೋ ಅಲ್ಲವೋ’ ಎಂಬ ಸಂಶಯವಾಗಲಿ, ‘ರಾಮನ ಹಾಗಿದ್ದಾನೆ’ ಎಂಬ ಸಾದೃಶ್ಯ ಜ್ಞಾನವಾಗಲಿ ಆಗುವುದಿಲ್ಲ; ಚಿತ್ರದಲ್ಲಿರುವ ಕುದುರೆಯನ್ನು ಕುದುರೆಯೆಂದು ಗ್ರಹಿಸುವಂಥ, ಈ ನಾಲ್ಕಕ್ಕೂ ಹೊರತಾದ ಪ್ರತೀತಿಯೊಂದು ಆಗುತ್ತದೆಂಬುದು ಶಂಕುಕನ ವಾದ. ಇದನ್ನು ಚಿತ್ರತುರಗ ನ್ಯಾಯವೆನ್ನುತ್ತಾರೆ. ನಟನು ರಾಮನನ್ನು ಅನುಕರಿಸುತ್ತಾನೆಂಬ ಅವನ ಸಿದ್ಧಾಂತವನ್ನು ಅಭಿನವಗುಪ್ತನ ಗುರು ಭಟ್ಟತೌತನು ಬಲವಾಗಿ ಖಂಡಿಸಿದ್ದರೂ, ಚಿತ್ರದ ಕುದುರೆಯನ್ನು ಕುರಿತ ಈ ಸೂಕ್ಷ್ಮ ಮಾತ್ರ ಖಂಡನೆಯ ನಂತರವೂ ಉಳಿಯುವಂಥದು. ಚಿತ್ರದ ಕುದುರೆಯನ್ನು ನೋಡಿದವನಿಗೆ ‘ಇದು ಕುದುರೆಯಲ್ಲ’ ಎಂದು ಹೇಳಿದರೆ ಅದು ತಿದ್ದುಪಡಿಯಾಗುವುದಿಲ್ಲ, ಏಕೆಂದರೆ ಅವನು ಮೊದಲೇ ತಪ್ಪು ತಿಳಿದಿರಲಿಲ್ಲ. ಯಾವುದರ ಪ್ರತಿಯೂ ಅಲ್ಲದ ಕಲ್ಪಿತ ದೃಶ್ಯವನ್ನು ಹೊಸ ಆವೃತ್ತಿ ಬೇರೆಯಾಗಿ ತೋರಿಸಿದಾಗಲೂ ಹಳೆಯ ಚಿತ್ರ ಸುಳ್ಳಾಗುವುದಿಲ್ಲ. ಸುಳ್ಳಾಗಲು ಅದು ಯಾವ ಕುದುರೆಯ ಬಗ್ಗೆಯೂ ಸಾಕ್ಷಿ ಹೇಳಿರಲಿಲ್ಲ.

ಆಲಂಕಾರಿಕರ ಇನ್ನೊಂದು ವಿವೇಕ ಇದಕ್ಕಿಂತಲೂ ಉಪಯುಕ್ತವಾದದ್ದು. ಕಾವ್ಯದೋಷಗಳನ್ನು ಅವರು ನಿತ್ಯ ಮತ್ತು ಅನಿತ್ಯ ಎಂದು ಎರಡಾಗಿ ವಿಂಗಡಿಸಿದರು. ವ್ಯಾಕರಣದ ತಪ್ಪು ಎಲ್ಲಿ ಬಂದರೂ ತಪ್ಪೇ, ಆದ್ದರಿಂದ ಅದು ನಿತ್ಯದೋಷ. ಕಿವಿಗೆ ಕರ್ಕಶವಾದ ಅಕ್ಷರಗಳ ಜೋಡಣೆ ಶೃಂಗಾರದಲ್ಲಿ ದೋಷ, ರೌದ್ರದಲ್ಲಿ ದೋಷವಲ್ಲ, ಕೆಲವೊಮ್ಮೆ ಗುಣವೇ. ಆದ್ದರಿಂದ ಅದು ಅನಿತ್ಯದೋಷ. ಒಟ್ಟಿನಲ್ಲಿ ರಸಕ್ಕೆ ಕುಂದು ತರುವುದು ಯಾವುದೋ ಅದು ದೋಷವೇ ಹೊರತು, ನಿಯಮದಿಂದ ಸರಿದದ್ದೆಲ್ಲ ದೋಷವಲ್ಲ. ತಂತ್ರಾಂಶದ ದೋಷಪರಿಹಾರಗಳ ಪಟ್ಟಿಗಳಲ್ಲಿ ಈ ಭೇದವೇ ಇಲ್ಲದಿರುವುದು ದೊಡ್ಡ ಕೊರತೆ. ಕಡತವನ್ನೇ ಹಾಳುಮಾಡುವ ದೋಷ, ಒತ್ತಕ್ಷರವನ್ನು ಒಡೆಯುವ ದೋಷ, ಗಾಜಿನ ಅಂಚಿನಲ್ಲಿ ಬೆಳಕು ತುಸು ಹೆಚ್ಚಾಗಿ ಕಾಣುವ ದೋಷ, ಇವೆಲ್ಲವೂ ಒಂದೇ ಸಾಲಿನಲ್ಲಿ, ಒಂದೇ ಧ್ವನಿಯಲ್ಲಿ ನಮೂದಾಗುತ್ತವೆ. ಆದರೆ ಕೊನೆಯದನ್ನು ನೆಚ್ಚಿಕೊಂಡೇ ಕಲಾವಿದನೊಬ್ಬನು ಇಡೀ ದೃಶ್ಯದ ಭಾವವನ್ನು ಕಟ್ಟಿರಬಹುದು. ಅವನ ಪಾಲಿಗೆ ಅದು ಗುಣ, ಪರಿಹಾರವೇ ವಿಘ್ನ.

ದೋಷವಿದೆಯೆಂದು ತಿಳಿಯುವ ಬಗೆಯೂ ದರ್ಶನಗಳಲ್ಲಿ ವಾದಕ್ಕೆ ವಸ್ತುವಾಗಿದೆ. ಜ್ಞಾನವು ಹುಟ್ಟುವಾಗಲೇ ಪ್ರಮಾಣ, ಅದನ್ನು ತಳ್ಳಿಹಾಕುವ ಬಾಧಕ ಜ್ಞಾನ ಮುಂದೆ ಬಂದರೆ ಮಾತ್ರ ಅಪ್ರಮಾಣವೆಂಬುದು ಮೀಮಾಂಸಕರ ಸ್ವತಃಪ್ರಾಮಾಣ್ಯವಾದ. ಫಲಿಸುವ ಪ್ರವೃತ್ತಿಯಂಥ ಹೊರಗಿನ ಆಧಾರದಿಂದಲೇ ಪ್ರಾಮಾಣ್ಯ ನಿಶ್ಚಯವಾಗಬೇಕೆಂಬುದು ನೈಯಾಯಿಕರ ಪರತಃಪ್ರಾಮಾಣ್ಯವಾದ. ಪರೀಕ್ಷೆಗಳು ದೋಷದ ಇರುವಿಕೆಯನ್ನು ತೋರಿಸಬಲ್ಲವೇ ಹೊರತು ಇಲ್ಲದಿರುವಿಕೆಯನ್ನಲ್ಲವೆಂದು 1970ರ ಸುಮಾರಿಗೆ ಎಚ್ಚರಿಸಿದ ಗಣಕವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ನೈಯಾಯಿಕರ ಮಾನದಂಡ ಎಷ್ಟು ದುಬಾರಿಯೆಂಬುದನ್ನೇ ಹೇಳಿದಂತಾಯಿತು. ವ್ಯವಹಾರದಲ್ಲಿ ತಂತ್ರಜ್ಞರೆಲ್ಲರೂ ಮೀಮಾಂಸಕರೇ, ಬಾಧಕ ಬರುವವರೆಗೆ ನಂಬಿ ನಡೆಯುತ್ತಾರೆ. ತುಮಕೂರು ಜಿಲ್ಲೆಯ ಕೈದಾಳಕ್ಕೆ ಹೆಸರು ತಂದ ಶಿಲ್ಪಿ ಜಕಣಾಚಾರಿಯ ಐತಿಹ್ಯದಲ್ಲೂ ಇದೇ ಕ್ರಮವಿದೆ. ಅವನು ಕೆತ್ತಿದ ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ತರುಣ ಶಿಲ್ಪಿ ಹೇಳಿದಾಗ ಅವನ ಮಾತನ್ನೇ ಯಾರೂ ಪ್ರಮಾಣವೆಂದು ಸ್ವೀಕರಿಸಲಿಲ್ಲ. ಮೈತುಂಬ ಗಂಧ ಲೇಪಿಸಿ, ಹೊಕ್ಕುಳ ಭಾಗದ ಗಂಧ ಮಾತ್ರ ಒಣಗದಿದ್ದುದನ್ನು ಕಂಡು, ಅಲ್ಲಿ ಕೆತ್ತಿ, ನೀರೂ ಕಪ್ಪೆಯೂ ಹೊರಬಂದ ಮೇಲೆ ಒಪ್ಪಲಾಯಿತು. ಇದು ಐತಿಹ್ಯವೇ ಹೊರತು ಶಾಸನದ ಮಾತಲ್ಲ. ಆದರೂ ಗಮನಿಸಬೇಕಾದದ್ದೆಂದರೆ, ಕಥೆ ದೋಷವನ್ನು ಮುಚ್ಚಿಡುವುದೂ ಇಲ್ಲ, ದೋಷ ಸಿಕ್ಕ ಮೂರ್ತಿಯನ್ನು ಒಡೆದುಹಾಕುವುದೂ ಇಲ್ಲ. ಕಪ್ಪೆ ಚೆನ್ನಿಗರಾಯನೆಂಬ ಹೆಸರಿನಲ್ಲಿ ದೋಷವನ್ನು ಹೊತ್ತೇ ಅದು ಬೇಲೂರಿನ ಪ್ರಾಕಾರದಲ್ಲಿ ನಿಂತಿದೆ.

ತಿದ್ದಿದ ವಸ್ತು ಮೊದಲಿನ ವಸ್ತುವೇ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಹಸಿ ಮಡಕೆ ಆವಿಗೆಯಲ್ಲಿ ಬೆಂದು ಕೆಂಪಾದಾಗ ಏನು ನಡೆಯುತ್ತದೆಂಬುದರ ಬಗ್ಗೆ ವೈಶೇಷಿಕರಿಗೂ ನೈಯಾಯಿಕರಿಗೂ ಪ್ರಸಿದ್ಧವಾದ ವಿವಾದವುಂಟು. ಶಾಖದಿಂದ ಮಡಕೆ ಪರಮಾಣುಗಳವರೆಗೆ ಬಿಡಿಬಿಡಿಯಾಗಿ, ಪರಮಾಣುಗಳಲ್ಲೇ ಬಣ್ಣ ಬದಲಾಗಿ, ಅವು ಮತ್ತೆ ಕೂಡಿ ಹೊಸ ಮಡಕೆಯೇ ಹುಟ್ಟುತ್ತದೆಂಬುದು ವೈಶೇಷಿಕರ ಪೀಲುಪಾಕ ಮತ. ಮಡಕೆ ಹಾಗೆಯೇ ಇದ್ದು, ಅದರ ರಂಧ್ರಗಳ ಮೂಲಕ ಒಳಹೊಕ್ಕ ಬೆಂಕಿ ಇಡೀ ಮಡಕೆಯ ಬಣ್ಣವನ್ನೇ ಬದಲಿಸುತ್ತದೆಂಬುದು ನೈಯಾಯಿಕರ ಪಿಠರಪಾಕ ಮತ. ಶೆಟ್ಟಿಕೆರೆ, ತಿಪಟೂರು ಸೀಮೆಯವರಿಗೆ ಎರಡನೆಯ ಮತವನ್ನು ವಿವರಿಸಿ ಹೇಳಬೇಕಾಗಿಲ್ಲ, ಏಕೆಂದರೆ ಅಲ್ಲಿನ ಉಂಡೆ ಕೊಬ್ಬರಿ ಆಗುವುದೇ ಹೀಗೆ: ಕೊಯ್ದ ಬಲಿತ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ಚಿಪ್ಪು ಒಡೆಯದೆಯೇ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಾಡಿಸಿದಾಗ ಸದ್ದು ಮಾಡುವ ಕೊಬ್ಬರಿಯಾಗುತ್ತದೆ, ಕಾಯಿ ಹೋಗಿ ಕೊಬ್ಬರಿ ಬಂದ ಗಳಿಗೆಯನ್ನು ಯಾರೂ ತೋರಿಸಲಾರರು. ತಂತ್ರಾಂಶದ ಅಪ್‌ಡೇಟಿನಲ್ಲಿ ಎರಡು ಪಾಕಗಳೂ ಒಟ್ಟಿಗೆ ನಡೆಯುತ್ತವೆ. ತಂತ್ರಾಂಶವು ಮೂಲ ಸಂಕೇತದಿಂದ ಪೂರ್ತಿಯಾಗಿ ಮತ್ತೆ ಕಟ್ಟಿದ್ದಾದ್ದರಿಂದ ಅದರದು ಪೀಲುಪಾಕ, ಹೆಸರು ಮಾತ್ರ ಹಳೆಯದು. ಕಲಾವಿದನ ದೃಶ್ಯದ ಕಡತವಾದರೋ ಹಾಗೆಯೇ ಉಳಿದು ಗುಣಗಳಲ್ಲಿ ಬದಲಾಗುತ್ತದೆ, ಆದ್ದರಿಂದ ಅದರದು ಪಿಠರಪಾಕ. ಹೊಸ ಆವೃತ್ತಿಯಲ್ಲಿ ತೆರೆದು ಉಳಿಸಿದ ಕಡತ ಹಳೆಯ ಆವೃತ್ತಿಯಲ್ಲಿ ಮೊದಲಿನಂತೆ ತೆರೆದುಕೊಳ್ಳುವ ಭರವಸೆಯಿಲ್ಲ. ಕೊಬ್ಬರಿಗೆ ಎಳನೀರು ಮರಳದಷ್ಟೇ ಖಚಿತವಾಗಿ ಕೆಲವು ಗುಣಗಳು ಹೋಗಿಬಿಡುತ್ತವೆ.

ಈ ನಷ್ಟವನ್ನು ಆಗಮಗಳು ಗಂಭೀರವಾಗಿ ಪರಿಗಣಿಸಿದವು. ಗರ್ಭಗುಡಿಯ ಮೂರ್ತಿಗೆ ರಿಪೇರಿಯ ಅಗತ್ಯ ಬಿದ್ದಾಗ, ಅದರಲ್ಲಿರುವ ದೈವೀ ಕಳೆಯನ್ನು ಮಂತ್ರಪೂರ್ವಕವಾಗಿ ಕುಂಭಕ್ಕೆ ಸೆಳೆದುಕೊಳ್ಳುವ ಕ್ರಿಯೆ ಕಲಾಕರ್ಷಣ. ಕೆಲಸ ಮುಗಿಯುವವರೆಗೆ ಪೂಜೆ ನಡೆಯಲೆಂದು ಕಟ್ಟುವ ತಾತ್ಕಾಲಿಕ ಗುಡಿ ಬಾಲಾಲಯ. ಮೂರ್ತಿಯನ್ನು ಪೀಠಕ್ಕೆ ಬಂಧಿಸುವ ಎಂಟು ದ್ರವ್ಯಗಳ ಅಂಟು ಅಷ್ಟಬಂಧ, ಇದನ್ನು ಹನ್ನೆರಡು ವರ್ಷಕ್ಕೊಮ್ಮೆ ನವೀಕರಿಸುವ ರೂಢಿಯಿದೆ. ಬಿಟ್ಟುಬಿಡಬೇಕಾದ ಮೂರ್ತಿಗೂ ವಿಧಿಯುಂಟು: ಮರದ್ದನ್ನು ಅಗ್ನಿಗೆ, ಕಲ್ಲಿನದನ್ನು ನೀರಿಗೆ ಒಪ್ಪಿಸಬೇಕೆಂದು ಅಗ್ನಿಪುರಾಣ ಹೇಳುತ್ತದೆ. ಇವೆಲ್ಲ ವಿಧಿಗಳ ಹಿಂದೆ ಒಂದು ಸ್ಪಷ್ಟ ನಿಲುವಿದೆ. ದೋಷ ಕಂಡುಬಂದ ಮಾತ್ರಕ್ಕೆ ಹಿಂದಿನ ಪೂಜೆ ವ್ಯರ್ಥವಾಗಲಿಲ್ಲ, ಮೂರ್ತಿ ಬದಲಾದರೂ ದೈವ ಬದಲಾಗಲಿಲ್ಲ, ಆದರೆ ಆ ಮುಂದುವರಿಕೆ ತನ್ನಷ್ಟಕ್ಕೆ ಆಗುವುದಲ್ಲ, ಮನುಷ್ಯರು ಎಚ್ಚರದಿಂದ ಕಾಯ್ದುಕೊಳ್ಳಬೇಕಾದದ್ದು. ರಾತ್ರೋರಾತ್ರಿ ತಾನಾಗಿ ಅಪ್‌ಡೇಟ್ ಆಗುವ ತಂತ್ರಾಂಶದ ಸಂಸ್ಕೃತಿಗೆ ಈ ಎಚ್ಚರ ಪರಕೀಯವಾಗಿದೆ. ಶಿಲ್ಪದ ಲೋಕದಲ್ಲಿ ಹಾಗಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದ ಛಾವಣಿಯಲ್ಲಿರುವ ನಟರಾಜ ಶಿಲ್ಪದ ಒಂದು ಬೆರಳು ಸವೆದರೆ ಪುರಾತತ್ತ್ವಜ್ಞನು ಅದನ್ನು ಹಾಗೆಯೇ ಬಿಡುವುದು ಸರಿಯೆಂದಾನು, ಆಗಮಿಕನು ಪೂಜಾಮೂರ್ತಿಯ ವಿಷಯದಲ್ಲಿ ಬೇರೆ ತೀರ್ಪು ಕೊಟ್ಟಾನು. ಇಬ್ಬರೂ ವಿಚಾರ ಮಾಡದೆ ಕೈಹಾಕುವುದನ್ನು ಮಾತ್ರ ಒಪ್ಪಲಾರರು.

ಆ್ಯನಿಮೇಷನ್ ಚಿತ್ರಗಳನ್ನು ತಯಾರಿಸುವ ಪಿಕ್ಸಾರ್ ಸಂಸ್ಥೆ 1995ರ ‘ಟಾಯ್ ಸ್ಟೋರಿ’ಯನ್ನು 2009ರಲ್ಲಿ ಮೂರು ಆಯಾಮದ ಚಿತ್ರವಾಗಿ ಮತ್ತೆ ಬಿಡುಗಡೆ ಮಾಡಲು ಹೊರಟಾಗ, ಹಳೆಯ ದತ್ತಾಂಶವು ಹೊಸ ತಂತ್ರಾಂಶಕ್ಕೆ ಹೊಂದದೆ, ಅದನ್ನು ಉತ್ಖನನದಂತೆ ಹೊರತೆಗೆದು ಜೀವ ಕೊಡಬೇಕಾಯಿತು. ಅಷ್ಟು ಬಲವುಳ್ಳ ಸಂಸ್ಥೆಗೇ ಹೀಗಾದರೆ ಒಂಟಿಯಾಗಿ ದುಡಿಯುವ ಕಲಾವಿದನ ಸ್ಥಿತಿಯನ್ನು ಊಹಿಸಬಹುದು. ಬ್ಲೆಂಡರಿನ ಹಳೆಯ ಆವೃತ್ತಿಗಳು ಇಂದಿಗೂ ಮುಕ್ತವಾಗಿ ದೊರೆಯುತ್ತವೆ, ಕೆಲವು ಆವೃತ್ತಿಗಳಿಗೆ ಚಿತ್ರದ ರೂಪ ಕೆಡದಂತೆ ಎರಡು ವರ್ಷ ಅಗತ್ಯದ ಪರಿಹಾರಗಳನ್ನಷ್ಟೇ ಕೊಡುವ ಪದ್ಧತಿಯೂ 2020ರಿಂದ ನಡೆದುಬಂದಿದೆ. ಬಾಡಿಗೆ ಲೆಕ್ಕದಲ್ಲಿ ಸಿಗುವ ಹಲವು ತಂತ್ರಾಂಶಗಳಲ್ಲಿ ಈ ಅನುಕೂಲ ಇಲ್ಲ. ಆ್ಯನಿಮೇಷನ್ ಉದ್ಯಮಕ್ಕೆಂದೇ 2012ರಲ್ಲಿ ಪ್ರತ್ಯೇಕ ನೀತಿ ರೂಪಿಸಿದ ಕರ್ನಾಟಕದಲ್ಲಿ ಈ ವಿದ್ಯೆಯನ್ನು ಕಲಿಸುವವರು, ಯಾವ ಚಿತ್ರ ಯಾವ ಆವೃತ್ತಿಯಲ್ಲಿ ಸಿದ್ಧವಾಯಿತೆಂಬುದನ್ನು ಕಡತದೊಡನೆಯೇ ಬರೆದಿಡುವುದನ್ನೂ, ಕೆಲಸದ ನಡುವೆ ಆವೃತ್ತಿ ಬದಲಿಸದಿರುವುದನ್ನೂ, ಮುಗಿದ ಮೇಲೆ ಆ ಆವೃತ್ತಿಯ ತಂತ್ರಾಂಶವನ್ನು ಚಿತ್ರದ ಜೊತೆಗೇ ಕಾಪಿಡುವುದನ್ನೂ ಮೊದಲ ಪಾಠಗಳಲ್ಲೇ ಸೇರಿಸಬೇಕು.