ಕುದುರೆಯ ಕನಸು

ಮನುಷ್ಯನ ಆಶೆಗಳಲ್ಲಿ ಎರಡು ಬಗೆಯುಂಟು. ತನ್ನ ಮೈಯನ್ನೂ ಹಣವನ್ನೂ ಕಾಲವನ್ನೂ ವೆಚ್ಚಮಾಡಿ ತೀರಿಸಿಕೊಳ್ಳಬಹುದಾದ ಆಶೆ ಒಂದು. ಮತ್ತೊಂದು ಜೀವದ ಬೆನ್ನನ್ನು ಬೇಡುವ ಆಶೆ ಇನ್ನೊಂದು. ಬೆಟ್ಟವನ್ನು ಹತ್ತಬೇಕೆಂದು ಬಯಸುವವನು ತನ್ನ ಉಸಿರನ್ನೇ ಪಣವಾಗಿಡುತ್ತಾನೆ. ಸೋತರೆ ನೋವು ಅವನದು. ಆದರೆ ಒಂದು ಕುದುರೆಯನ್ನು ಕೊಂಡು, ಅದರ ಮೇಲೆ ನೂರು ಮೈಲಿ ಸವಾರಿಮಾಡಬೇಕೆಂದು ಕನಸು ಕಾಣುವವನು ಇಡುವ ಪಣದಲ್ಲಿ ಹೆಚ್ಚಿನ ಪಾಲು ಅವನದಲ್ಲ. ಇಂಥ ಆಶೆ ನ್ಯಾಯವೆ? ನ್ಯಾಯವಾದರೆ ಯಾವ ಕಟ್ಟಿಗೆ ಒಳಪಟ್ಟು ನ್ಯಾಯ? ಈ ಪ್ರಶ್ನೆಯನ್ನು ನಾನು ಬೇರೆಯವರ ಸಲುವಾಗಿ ಎತ್ತಿದವನಲ್ಲ. ಆ ಕನಸು ನನ್ನದೇ. ಹುಡುಗತನದಲ್ಲಿ ಹಿಡಿದದ್ದು, ಎಪ್ಪತ್ತು ದಾಟಿದ ಮೇಲೂ ನನ್ನನ್ನು ಬಿಟ್ಟುಹೋಗಿಲ್ಲ.

ಕನಸಿನ ಕುದುರೆಗೆ ಹಸಿವಿಲ್ಲ. ಅದು ಯಾವಾಗಲೂ ಜೀನು ಬಿಗಿದುಕೊಂಡು ಬಾಗಿಲಲ್ಲಿ ನಿಂತಿರುತ್ತದೆ. ನಾವು ಏರಿದೊಡನೆ ಹೊರಡುತ್ತದೆ, ಇಳಿದೊಡನೆ ಮಾಯವಾಗುತ್ತದೆ. ನಿಜವಾದ ಕುದುರೆಯ ಸಂಗತಿ ಬೇರೆ. ಅದರ ಮೈ ದೊಡ್ಡದು, ಹೊಟ್ಟೆ ಚಿಕ್ಕದು. ಆದಕಾರಣ ದಿನದ ಬಹುಭಾಗವನ್ನು ಅದು ಮೇಯುತ್ತಲೇ ಕಳೆಯಬೇಕು. ತಿಂದುದನ್ನು ವಾಂತಿಮಾಡಲು ಅದಕ್ಕೆ ಬಾರದು; ಮನುಷ್ಯನು ಒಂದು ದಿನ ಉಪವಾಸವಿದ್ದು ಕಳೆದುಕೊಳ್ಳುವ ಹೊಟ್ಟೆನೋವು ಕುದುರೆಗೆ ಪ್ರಾಣಾಂತಿಕವಾಗಬಹುದು. ಆರೆಂಟು ವಾರಗಳಿಗೊಮ್ಮೆ ಗೊರಸನ್ನು ಹೆರೆಯಿಸಿ ಲಾಳವನ್ನು ಸರಿಪಡಿಸಬೇಕು. ಹಿಂಡಿನಲ್ಲಿ ಬದುಕುವ ಪ್ರಾಣಿಯಾದ್ದರಿಂದ ಒಂಟಿಯಾಗಿ ಕಟ್ಟಿದರೆ ಕೊರಗುತ್ತದೆ. ಇಷ್ಟೆಲ್ಲ ನಡೆಸಿದರೆ ಅದು ಇಪ್ಪತ್ತೈದು ಮೂವತ್ತು ವರ್ಷ ಬದುಕೀತು. ಸವಾರಿಗೆ ಬರುವ ವರ್ಷಗಳು ಅದರಲ್ಲಿ ಅರ್ಧವೋ ಸ್ವಲ್ಪ ಹೆಚ್ಚೋ. ನನ್ನ ವಯಸ್ಸಿನವನು ಮರಿಯೊಂದನ್ನು ಕೊಂಡರೆ, ತನ್ನ ಆಯುಸ್ಸಿಗಿಂತ ಉದ್ದವಾದ ಋಣಪತ್ರಕ್ಕೆ ರುಜುಹಾಕಿದಂತೆ.

ಹಿಂದಿನವರು ಇದನ್ನು ಅರಿಯದವರಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಅಶ್ವಶಾಸ್ತ್ರದ ಒಂದು ಪರಂಪರೆಯೇ ಬೆಳೆದಿತ್ತು. ನಮ್ಮ ಕನ್ನಡದಲ್ಲಿಯೂ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ಬರೆದನು. ಕುದುರೆಯನ್ನು ಹೊಗಳುವ ಕಾವ್ಯಗಳಿದ್ದ ಭಾಷೆಯಲ್ಲಿ ಕುದುರೆಯ ರೋಗಕ್ಕೆ ಮದ್ದು ಹೇಳುವ ಗ್ರಂಥವೂ ಬೇಕೆಂದು ತೋರಿದುದು ಒಳ್ಳೆಯ ಲಕ್ಷಣ. ಒಡೆತನವೆಂದರೆ ಹಕ್ಕು ಎಂದು ನ್ಯಾಯಾಲಯ ಹೇಳುತ್ತದೆ. ಲಾಯದಲ್ಲಿ ಒಂದು ದಿನ ನಿಂತವನಿಗೆ ಅದು ಊಳಿಗವೆಂದು ತಿಳಿಯುತ್ತದೆ.

ಸಾಕುವುದರ ವಿಚಾರ ಇಷ್ಟಾದರೆ, ದೂರದ ಸವಾರಿಯ ವಿಚಾರ ಇನ್ನೂ ಕಠಿಣವಾದುದು. 1892ರ ಅಕ್ಟೋಬರಿನಲ್ಲಿ ಯೂರೋಪಿನಲ್ಲಿ ಒಂದು ಪಂದ್ಯ ನಡೆಯಿತು. ಜರ್ಮನಿಯ ಸೇನಾಧಿಕಾರಿಗಳು ಬರ್ಲಿನ್ನಿನಿಂದ ವಿಯೆನ್ನಾಕ್ಕೂ, ಆಸ್ಟ್ರಿಯಾ-ಹಂಗೆರಿಯ ಅಧಿಕಾರಿಗಳು ವಿಯೆನ್ನಾದಿಂದ ಬರ್ಲಿನ್ನಿಗೂ ಹೊರಟರು. ದಾರಿ ಸುಮಾರು 580 ಕಿಲೋಮೀಟರು. ಸ್ಟಾರೆಂಬರ್ಗ್ ಎಂಬ ಆಸ್ಟ್ರಿಯಾದ ಕೌಂಟನು ಎಪ್ಪತ್ತೆರಡು ಗಂಟೆಗಳೊಳಗೆ ಆ ದಾರಿಯನ್ನು ಕ್ರಮಿಸಿ ಮೊದಲಿಗನಾದನು. ಅವನ ಕುದುರೆ ಆಥೋಸ್ ಗುರಿಯನ್ನು ಮುಟ್ಟಿತು, ಆಮೇಲೆ ಸತ್ತಿತು. ಅದೊಂದೇ ಅಲ್ಲ, ದಾರಿಯಲ್ಲಿಯೂ ದಾರಿ ಮುಗಿದ ಮೇಲೂ ಸತ್ತ ಕುದುರೆಗಳು ಹಲವು. ಬಹುಮಾನವು ಸವಾರನಿಗೆ ಸಂದಿತು.

ಇದನ್ನು ಓದಿದಾಗ ಆ ಅಧಿಕಾರಿಗಳನ್ನು ಹಳಿಯಬೇಕೆಂದು ಮೊದಲು ತೋರಿತು. ಆದರೆ ನನಗೆ ಆ ಅಧಿಕಾರವಿಲ್ಲ. 1969ರ ಮಳೆಗಾಲದಲ್ಲಿ ಒಂದು ಬೆಳಗ್ಗೆ ಕಾಲೇಜಿನ ಪ್ರವೇಶಕ್ಕಾಗಿ ನಾನು ರೈಲನ್ನು ಹಿಡಿಯಬೇಕಾಗಿತ್ತು. ಮನೆಯಲ್ಲಿ ಹೊರಡುವುದು ತಡವಾಯಿತು. ಜಟಕಾ ಗಾಡಿಯವನಿಗೆ, “ರೈಲು ಸಿಕ್ಕಿದರೆ ಎಂಟಾಣೆ ಹೆಚ್ಚಿಗೆ ಕೊಡುತ್ತೇನೆ” ಎಂದೆ. ಅವನು ಬಡವ; ಚಾವಟಿಯನ್ನು ಎತ್ತಿದನು. ಸ್ಟೇಷನ್ನಿನ ಮುಂದಣ ಏರಿನಲ್ಲಿ, ಒದ್ದೆಯಾದ ಕಲ್ಲಿನ ಮೇಲೆ, ಕುದುರೆ ಮುಗ್ಗರಿಸಿ ಬಿದ್ದಿತು. ಗಾಡಿಯವನು ಕೆಳಗೆ ಹಾರಿ ಅದರ ತಲೆಯನ್ನು ಹಿಡಿದುಕೊಂಡನು. ನಾನು ಮಾತಿನಂತೆ ಎಂಟಾಣೆಯನ್ನು ಅವನ ಕೈಗಿತ್ತು, ಪೆಟ್ಟಿಗೆಯನ್ನು ಹೊತ್ತುಕೊಂಡು ಓಡಿದೆ. ರೈಲು ಸಿಕ್ಕಿತು. ಕುದುರೆ ಎದ್ದಿತೋ ಇಲ್ಲವೋ ನನಗೆ ತಿಳಿಯದು; ತಿರುಗಿ ನೋಡಲಿಲ್ಲ. ಹಿಂದಿರುಗಿ ಬಂದ ಮೇಲೆ ವಿಚಾರಿಸಲೂ ಇಲ್ಲ. ಉತ್ತರಕ್ಕೆ ಹೆದರಿದೆನೆಂದು ಈಗ ಒಪ್ಪಿಕೊಳ್ಳಬಲ್ಲೆ. ಕೌಂಟನ ಪಂದ್ಯಕ್ಕೂ ನನ್ನ ಎಂಟಾಣೆಗೂ ಇರುವ ಅಂತರ ದೂರದ್ದು ಮಾತ್ರ.

ಹಾಗಾದರೆ ದೂರದ ಸವಾರಿಯೆಂಬುದೇ ಪಾಪವೆ? ಇದಕ್ಕೆ ಒಂದು ಉತ್ತರವನ್ನು ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಕಾಣಬಹುದು. 1955ರಲ್ಲಿ ವೆಂಡೆಲ್ ರೋಬಿ ಎಂಬಾತನು ಕೆಲವರು ಸಂಗಾತಿಗಳೊಡನೆ ಟಾಹೋ ಸರೋವರದ ಕಡೆಯಿಂದ ಸಿಯೆರಾ ನೆವಾಡಾ ಪರ್ವತಗಳನ್ನು ದಾಟಿ ಆಬರ್ನ್ ಪಟ್ಟಣದವರೆಗೆ ನೂರು ಮೈಲಿಗಳನ್ನು ಒಂದೇ ದಿನದಲ್ಲಿ ಸವಾರಿಮಾಡಿದನು. ಅದೇ ಮುಂದೆ ಟೆವಿಸ್ ಕಪ್ ಎಂದು ಹೆಸರಾಯಿತು. ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಿದವರಿಗೆಲ್ಲ ಬೆಳ್ಳಿಯ ಬಕಲಿನ ಗೌರವವುಂಟು. ದಾರಿಯ ನಡುವೆ ಅಲ್ಲಲ್ಲಿ ಪಶುವೈದ್ಯರು ಕಾದಿರುತ್ತಾರೆ. ಚರ್ಮವನ್ನು ಚಿವುಟಿ, ಅದು ಎಷ್ಟು ಬೇಗ ಸಮನಾಗುವುದೆಂದು ನೋಡಿ ಮೈಯಲ್ಲಿ ನೀರಿನ ಅಂಶ ಸಾಕೆ ಎಂದು ತಿಳಿಯುತ್ತಾರೆ, ಒಸಡನ್ನು ಒತ್ತಿ ರಕ್ತದ ಸಂಚಾರವನ್ನು ಪರೀಕ್ಷಿಸುತ್ತಾರೆ, ಹೊಟ್ಟೆಗೆ ಕಿವಿಗೊಡುತ್ತಾರೆ, ಓಡಿಸಿ ಕುಂಟುವುದೇ ಎಂದು ನೋಡುತ್ತಾರೆ. ಇದೆಲ್ಲವನ್ನೂ ಗೆದ್ದು ಕೊನೆಯನ್ನು ಮುಟ್ಟುವವರು ಹೊರಟವರಲ್ಲಿ ಸುಮಾರು ಅರ್ಧದಷ್ಟು. 1964ರಿಂದ ಅಲ್ಲಿ ಹ್ಯಾಗಿನ್ ಕಪ್ ಎಂಬ ಇನ್ನೊಂದು ಬಹುಮಾನವೂ ಇದೆ. ಮೊದಲು ಬಂದ ಹತ್ತು ಕುದುರೆಗಳಲ್ಲಿ ಯಾವುದು ಅತ್ಯುತ್ತಮ ಸ್ಥಿತಿಯಲ್ಲಿದೆಯೋ ಅದಕ್ಕೆ ಸಲ್ಲುವುದು. ಬಲ್ಲವರು ಎಷ್ಟೋ ಮಂದಿ ಇದನ್ನೇ ಮೇಲೆಂದು ಎಣಿಸುತ್ತಾರೆ.

ಈ ಕ್ರಮದಲ್ಲಿ ಒಂದು ಧರ್ಮಸೂಕ್ಷ್ಮವುಂಟು. ವಿಶ್ರಾಂತಿಯಲ್ಲಿ ಕುದುರೆಯ ಗುಂಡಿಗೆ ನಿಮಿಷಕ್ಕೆ ಸುಮಾರು 30ರಿಂದ 40 ಸಲ ಬಡಿಯುತ್ತದೆ. ವೇಗದ ಓಟದಲ್ಲಿ 200ನ್ನೂ ಮೀರಬಲ್ಲುದು. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಅದು ಗೊತ್ತಾದ ಕಾಲದೊಳಗೆ 64ಕ್ಕೆ ಇಳಿಯದಿದ್ದರೆ ಸವಾರಿ ಅಲ್ಲಿಗೆ ಮುಗಿಯಿತು. ಸವಾರನು ಅರಸನಾಗಿರಲಿ, ಆಳಾಗಿರಲಿ, ವಾದಕ್ಕೆ ಎಡೆಯಿಲ್ಲ. ಮಾತನಾಡಲಾರದ ಪ್ರಾಣಿಯ ಪರವಾಗಿ ಅದರ ನಾಡಿ ಸಾಕ್ಷಿ ನುಡಿಯುತ್ತದೆ. ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ ಎಂದು ಕಠೋಪನಿಷತ್ತು ರೂಪಕವನ್ನು ಕಟ್ಟಿದೆ. ಆ ರೂಪಕದಲ್ಲಿ ಬಿಗಿಹಿಡಿಯಬೇಕಾದುದು ಕುದುರೆ. ಆದರೆ ನಿಜವಾದ ಕುದುರೆಯ ಮೇಲೆ ಕುಳಿತಾಗ ಲಗಾಮು ಬೇಕಾಗಿರುವುದು ಮೇಲೆ ಕುಳಿತವನಿಗೆ.

ನಿಯಮಗಳಿಂದಲೇ ಎಲ್ಲ ಸರಿಹೋಗುವುದೆಂದು ನಾನು ಹೇಳಲಾರೆ. ಮರುಭೂಮಿಯ ಸಮದಾರಿಗಳಲ್ಲಿ ಈ ಸವಾರಿ ವೇಗದ ಓಟವಾಗಿ ಮಾರ್ಪಟ್ಟು ಕುದುರೆಗಳು ಕಾಲು ಮುರಿದು ಸತ್ತುವು. 2015ರಲ್ಲಿ ಅಂತಾರಾಷ್ಟ್ರೀಯ ಅಶ್ವಕ್ರೀಡಾ ಮಂಡಲಿಯು ಸಂಯುಕ್ತ ಅರಬ್ ಎಮಿರೇಟ್ಸಿನ ಒಕ್ಕೂಟವನ್ನು ಕೆಲವು ತಿಂಗಳ ಕಾಲ ಅಮಾನತಿನಲ್ಲಿಡಬೇಕಾಯಿತು. ವೈದ್ಯನ ಕಣ್ಣು ಇರುವುದು ಠಾಣ್ಯದಲ್ಲಿ. ಒಂದು ಠಾಣ್ಯಕ್ಕೂ ಮತ್ತೊಂದಕ್ಕೂ ನಡುವಣ ದಾರಿಯಲ್ಲಿ ಕುದುರೆಗೆ ಸವಾರನ ಹೊರತು ಬೇರೆ ಗತಿಯಿಲ್ಲ. ಬೇಟೆಗೆ ಗುರಿಯಾಗಿ ಬಾಳಿದ ಜಾತಿಯಾದ್ದರಿಂದ ಅದು ನೋವನ್ನು ಅಡಗಿಸಿಕೊಳ್ಳುತ್ತದೆ. ಒಳ್ಳೆಯ ಕುದುರೆಯಾದರೆ ಕೇಳಿದಷ್ಟನ್ನೂ ಕೊಡುತ್ತದೆ. ಕೊಡುವವನು ಉದಾರಿಯಾದಷ್ಟೂ ಕೇಳುವವನು ಸಂಕೋಚಪಡಬೇಕೆಂಬುದು ಲೋಕಧರ್ಮ. ಕುದುರೆಯ ವಿಷಯದಲ್ಲಿ ನಾವು ಇದನ್ನು ಮರೆಯುತ್ತೇವೆ.

“ಹಾಗಿದ್ದರೆ ಏರದಿರುವುದೇ ಮೇಲಲ್ಲವೆ?” ಎಂದು ವಾಚಕರು ಕೇಳಬಹುದು. ಏರದಿದ್ದವನು ನಿರ್ದೋಷಿಯೆಂಬುದು ನಿಜ. ಆದರೆ ಸಾವಿರಾರು ವರ್ಷಗಳ ಕೆಳಗೆ ಮನುಷ್ಯನು ಆ ಪ್ರಾಣಿಯನ್ನು ಪಳಗಿಸಿ ತನ್ನ ಮನೆಬಾಗಿಲಿಗೆ ಕಟ್ಟಿಕೊಂಡನು. ಈಗ ಕೈತೊಳೆದುಕೊಂಡರೆ ಋಣ ತೀರದು. ಚೆನ್ನಾಗಿ ಸಾಕಿ, ತಿಂಗಳುಗಟ್ಟಲೆ ಸ್ನಾಯುವನ್ನೂ ವರ್ಷಗಟ್ಟಲೆ ಎಲುಬನ್ನೂ ಬಲಪಡಿಸಿ, ಅದರೊಡನೆ ದೂರ ಹೋಗುವವನನ್ನು ನಾನು ನಿಂದಿಸಲಾರೆ. ಅವನ ಆಶೆಗೆ ನಾನು ಒಡ್ಡುವ ಪರೀಕ್ಷೆ ಒಂದೇ: ತೊಂಬತ್ತನೆಯ ಮೈಲಿಯಲ್ಲಿ, ಗುರಿ ಕಣ್ಣಿಗೆ ಹತ್ತಿರವಾದಾಗ, ನಿಲ್ಲಬಲ್ಲನೆ? ನಿಲ್ಲಬಲ್ಲವನಿಗೆ ಆ ಕುದುರೆಯು ಸಂಗಾತಿ. ನಿಲ್ಲಲಾರದವನಿಗೆ ಅದು ಜಟಕಾ.

ನಾನು ಕುದುರೆಯನ್ನು ಕೊಳ್ಳುವುದಿಲ್ಲ. ಆ ಋಣಪತ್ರಕ್ಕೆ ರುಜುಹಾಕುವ ಕಾಲ ಮೀರಿತು. ಕನಸು ಮಾತ್ರ ಉಳಿದಿದೆ. ಆದರೆ ಅದರ ರೂಪ ಬೇರೆಯಾಗಿದೆ. ದೂರದ ಸವಾರಿಯವರು ಕಡಿದಾದ ಕಡೆಗಳಲ್ಲಿ ಕೆಳಗಿಳಿದು ಕುದುರೆಯ ಪಕ್ಕದಲ್ಲಿ ನಡೆಯುವುದುಂಟೆಂದು ಓದಿದ ಮೇಲೆ, ಕನಸಿನಲ್ಲಿ ನಾನೂ ಇಳಿಯುತ್ತೇನೆ. ಮಳೆ ಸುರಿಯುತ್ತಿರುತ್ತದೆ, ಎದುರಿಗೆ ಒಂದು ಏರು. ಲಗಾಮನ್ನು ಸಡಿಲವಾಗಿ ಹಿಡಿದು, ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತೇನೆ. ಎಲ್ಲಿಯೋ ರೈಲಿನ ಕೂಗು ಕೇಳಿಸುತ್ತದೆ. ಹೋಗಲಿ ಎಂದುಕೊಳ್ಳುತ್ತೇನೆ.