ಮನೆಯ ಬೆಳೆಯಲ್ಲಿ ಕೂಸಿನ ಪಾಲು



ಎಳ್ಳಮಾವಾಸ್ಯೆಯ ದಿನ ನಮ್ಮ ಭಾಗದ ರೈತನು ಹೊಲದಲ್ಲಿ ಚರಗ ಚೆಲ್ಲದೆ ತಾನು ಉಣ್ಣುವುದಿಲ್ಲ. ಬೆಳೆ ಕೊಟ್ಟ ಭೂತಾಯಿಗೆ ಮೊದಲ ತುತ್ತು, ಆಮೇಲೆ ಮನೆಯವರಿಗೆ. ಕಾರಹುಣ್ಣಿಮೆ ಇಲ್ಲವೆ ಬೇಂದೂರದ ದಿನ ದುಡಿದ ಎತ್ತಿಗೆ ಹೋಳಿಗೆ ತಿನಿಸುತ್ತೇವೆ. ರಾಶಿಯ ಕಾಲಕ್ಕೆ ಕಣದಲ್ಲಿಯೇ ಆಯಗಾರರ ಪಾಲು ತೆಗೆದಿಡುವ ಪದ್ಧತಿ ಹಿರಿಯರಿಂದ ಬಂದದ್ದು. ದಾಸೋಹಕ್ಕೆಂದು ಚೀಲ ತೆಗೆದಿಟ್ಟು ಉಳಿದದ್ದನ್ನು ಪೇಟೆಗೆ ಒಯ್ಯುವ ಭಕ್ತರು ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಯಾರ ಪಾಲು ಎಷ್ಟು ಎಂಬುದನ್ನು ತೂಕಕ್ಕೆ ಮೊದಲೇ ಗೊತ್ತು ಮಾಡಿಕೊಂಡ ಸಮಾಜ ನಮ್ಮದು. ಆದರೆ ಅದೇ ಮನೆಯಲ್ಲಿ ಅಂಬೆಗಾಲಿಡುವ ಒಂದು ವರುಷದ ಕೂಸಿನ ಪಾಲು ಎಷ್ಟು ಎಂದು ನಾವು ಕೇಳಿಕೊಂಡಿದ್ದೇವೆಯೇ?

ಎಷ್ಟೋ ಮನೆಗಳಲ್ಲಿ ನಡೆಯುವುದು ಹೀಗೆ. ನಸುಕಿನಲ್ಲಿ ಎಮ್ಮೆ ಹಿಂಡಿದ ಹಾಲು ಡೇರಿಗೆ ಹೋಗುತ್ತದೆ. ಶೇಂಗಾ, ತೊಗರಿ, ಹೆಸರು ಅಡತಿ ಅಂಗಡಿಗೆ ಹೋಗುತ್ತವೆ. ಒಳ್ಳೆಯ ಜೋಳಕ್ಕೆ ಒಳ್ಳೆಯ ದರ ಸಿಕ್ಕಿತೆಂದು ಸಂತೋಷಪಡುತ್ತೇವೆ. ಆ ಹೊತ್ತಿಗೆ ಮನೆಯಲ್ಲಿ ಕೂಸಿನ ಕೈಗೆ ಬಂದದ್ದು ಚಹಾದಲ್ಲಿ ಅದ್ದಿದ ಬಿಸ್ಕೀಟು. ವ್ಯಾಪಾರಸ್ಥರ ಮನೆಯ ಕಥೆಯೂ ಬೇರೆಯಲ್ಲ. ಅಂಗಡಿಯ ಬಾಗಿಲಲ್ಲಿ ತೂಗುವ ಬಣ್ಣದ ಪೊಟ್ಟಣಗಳಲ್ಲಿ ಒಂದನ್ನು ಹರಿದು ಕೊಟ್ಟರೆ ಕೂಸು ಸುಮ್ಮನಾಗುತ್ತದೆ, ಗಿರಾಕಿಯೂ ನಿಲ್ಲುತ್ತಾನೆ. ಇದರಲ್ಲಿ ಯಾರಿಗೂ ಕೇಡು ಬಯಸುವ ಮನಸ್ಸಿಲ್ಲ. ಕೂಸಿನ ಮೇಲೆ ಪ್ರೀತಿ ಇಲ್ಲವೆಂದೂ ಅಲ್ಲ. ಪ್ರೀತಿ ಇದೆ, ಪಾಲು ಮಾತ್ರ ಇಲ್ಲ.

ಅತ್ತರೆ ತಾನೇ ತಾಯಿ ಹಾಲು ಕೊಡುವುದು ಎಂಬ ಮಾತಿದೆ. ಆದರೆ ಕೂಸು ಹಸಿವಿಗೆ ಅಳುತ್ತದೆ, ಪಾಲಿಗೆ ಅಳುವುದಿಲ್ಲ. ಆಯಗಾರನು ತನ್ನ ಪಾಲು ಕೇಳಬಲ್ಲ. ಅಣ್ಣತಮ್ಮಂದಿರು ಪಂಚರನ್ನು ಕೂಡಿಸಿ ಕೇಳಬಲ್ಲರು. ಬಿಸ್ಕೀಟು ಕೊಟ್ಟರೆ ನಗುವ ಕೂಸಿಗೆ ತನ್ನ ಪಾಲಿನದು ಬೇರೆ ಕಡೆ ಹೋಯಿತೆಂಬುದು ತಿಳಿಯದು. ಕೇಳಬಲ್ಲವರಿಗೆ ಕೊಡುವುದು ವ್ಯವಹಾರ. ಕೇಳಲಾರದವರ ಪಾಲನ್ನು ತಾವಾಗಿಯೇ ತೆಗೆದಿಡುವುದು ಧರ್ಮ. ಆದ್ದರಿಂದ ಕೂಸಿಗೆ ಏನು ಉಣಿಸಬೇಕು ಎಂಬುದು ಅಡಿಗೆ ಮನೆಯ ಚರ್ಚೆ ಮಾತ್ರವಲ್ಲ, ಮನೆಯ ಯಜಮಾನನೂ ಉತ್ತರ ಕೊಡಬೇಕಾದ ನೀತಿಯ ಪ್ರಶ್ನೆ ಎಂದು ನಾವು ತಿಳಿಯುತ್ತೇವೆ.

ಈ ವಯಸ್ಸಿಗೆ ಇಷ್ಟು ಮಹತ್ವ ಏಕೆ? ಮೂರು ಕಿಲೊ ತೂಕದಿಂದ ಹುಟ್ಟಿದ ಕೂಸು ವರುಷ ತುಂಬುವಾಗ ಸುಮಾರು ಒಂಬತ್ತು ಕಿಲೊ ಆಗಿರುತ್ತದೆ. ಇನ್ನು ಮುಂದೆ ಯಾವ ವರುಷದಲ್ಲಿಯೂ ಅದು ಮೂರು ಪಟ್ಟು ಬೆಳೆಯುವುದಿಲ್ಲ. ಮಿದುಳಿನ ಬಹುಪಾಲು ಬೆಳವಣಿಗೆ ಎರಡು ವರುಷದೊಳಗೆ ಆಗುತ್ತದೆ. ತಾಯಿಯ ಗರ್ಭದಿಂದ ತಂದ ಕಬ್ಬಿಣಾಂಶದ ಗಂಟು ಆರು ತಿಂಗಳ ಹೊತ್ತಿಗೆ ಕರಗುತ್ತ ಬರುತ್ತದೆ. ಎರಡು ವರುಷದವರೆಗೂ ಎದೆಹಾಲು ಮುಂದುವರಿಸಬೇಕು, ಆದರೆ ಆರು ತಿಂಗಳ ಮೇಲೆ ಅದೊಂದೇ ಸಾಲದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರರಿಂದ ಇಪ್ಪತ್ಮೂರು ತಿಂಗಳ ನೂರು ಮಕ್ಕಳಲ್ಲಿ ಬೇಕಾದಷ್ಟು, ಬೇಕಾದ ಬಗೆಯ ಆಹಾರ ಸಿಗುತ್ತಿದ್ದುದು ಸುಮಾರು 11 ಮಕ್ಕಳಿಗೆ ಮಾತ್ರ. ಐದು ವರುಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇತ್ತು. ಕಾಳುಕಡಿ ಬೆಳೆಯುವ ಮನೆಗಳ ಮಕ್ಕಳೂ ಈ ಲೆಕ್ಕದಲ್ಲಿ ಸೇರಿದ್ದಾರೆ ಎಂಬುದೇ ದುಃಖದ ಸಂಗತಿ.

ಇನ್ನು ಜಮಾ-ಖರ್ಚಿನ ಮಾತಿಗೆ ಬರೋಣ. ದಿನಕ್ಕೆ ಒಂದು ಹಿಡಿ, ಅಂದರೆ ಸುಮಾರು 50 ಗ್ರಾಂ ಜೋಳವೆಂದು ಹಿಡಿದರೆ ವರುಷಕ್ಕೆ 18 ಕಿಲೊ ಆಯಿತು. ಬೇಳೆಕಾಳು ದಿನಕ್ಕೆ 30 ಗ್ರಾಂ ಎಂದರೆ ವರುಷಕ್ಕೆ 11 ಕಿಲೊ. ಶೇಂಗಾ 15 ಗ್ರಾಂ ಎಂದರೆ ಐದೂವರೆ ಕಿಲೊ. ಕ್ವಿಂಟಲ್ ಜೋಳದ ಚೀಲದಲ್ಲಿ ಐದನೆಯ ಒಂದು ಪಾಲೂ ಕೂಸಿಗೆ ಬೇಕಾಗುವುದಿಲ್ಲ. ಇದರ ಜೊತೆಗೆ ದಿನಕ್ಕೆ ಎರಡು ಬಟ್ಟಲು ಹಾಲು-ಮೊಸರು, ಹಿತ್ತಲಿನ ಸೊಪ್ಪು, ಒಂದು ಹಣ್ಣು. ವರುಷಪೂರ್ತಿ ಪೊಟ್ಟಣಗಳಿಗೆ ಕೊಡುವ ಹಣವನ್ನು ಒಂದು ಹಾಳೆಯಲ್ಲಿ ಬರೆದು ಈ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿರಿ. ಪೊಟ್ಟಣದ ಹಿಂಬದಿಯನ್ನೂ ಓದಿರಿ. ಅದರಲ್ಲಿ ಪದಾರ್ಥಗಳ ಹೆಸರನ್ನು ತೂಕದಲ್ಲಿ ಹೆಚ್ಚಿನದು ಮೊದಲು ಬರುವಂತೆ ಬರೆಯಬೇಕೆಂಬ ನಿಯಮವಿದೆ. ಹೆಚ್ಚಿನ ಬಿಸ್ಕೀಟುಗಳಲ್ಲಿ ಮೊದಲು ಬರುವವು ಮೈದಾ, ಸಕ್ಕರೆ, ಪಾಮ್ ಎಣ್ಣೆ. ಅಂಗಡಿಕಾರರಾದ ನಾವು ಮಾಲಿನ ಗುಣ ನೋಡದೆ ಕೊಳ್ಳುವವರಲ್ಲ. ಕೂಸಿನ ವಿಷಯದಲ್ಲಿ ಮಾತ್ರ ಏಕೆ ನೋಡಬಾರದು?

ಹಣಕ್ಕಿಂತ ದೊಡ್ಡ ಅಡ್ಡಿ ನಾಚಿಕೆಯದು. ನುಚ್ಚು, ಅಂಬಲಿ, ಸಜ್ಜೆ ಎಂದರೆ ಬಡವರ ಊಟವೆಂಬ ಭಾವನೆ ನಮ್ಮಲ್ಲಿ ಹೊಕ್ಕಿದೆ. ಬೀಗರು ಬಂದಾಗ ಕೂಸಿನ ಕೈಯಲ್ಲಿ ಪೊಟ್ಟಣವಿದ್ದರೆ ಮನೆತನಕ್ಕೆ ಶೋಭೆ ಎಂದು ತಿಳಿಯುವವರಿದ್ದಾರೆ. ಕಬ್ಬು, ದ್ರಾಕ್ಷಿ, ದಾಳಿಂಬೆ ಬಂದ ಮೇಲೆ ಜೋಳದ ಹೊಲಗಳೂ ಕಡಿಮೆಯಾದವು. ಆದರೆ ದೇಶವೆಲ್ಲ ಬಲ್ಲ ಮಾಲದಂಡಿ ಜೋಳದ ಎಂ 35-1 ತಳಿಯನ್ನು ಆರಿಸಿ ತೆಗೆದದ್ದು ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಪುಣೆ, ಬೆಂಗಳೂರಿನವರು ದುಬಾರಿ ಹಣ ಕೊಟ್ಟು ಕೊಳ್ಳುವ ಧಾನ್ಯವನ್ನು ಬೆಳೆದವರೇ ತಮ್ಮ ಕೂಸಿಗೆ ಉಣಿಸಲು ನಾಚುವುದು ಎಂಥ ವಿಚಿತ್ರ!

ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎಂದು ನಾವು ಹೇಳುವುದಿಲ್ಲ. ಹಸುಗೂಸಿನ ನಾಲಿಗೆಗೆ ಜೇನು ಒರೆಸುವ ರೂಢಿ ಅಪಾಯಕಾರಿ. ವರುಷ ತುಂಬುವವರೆಗೆ ಜೇನು ಸಲ್ಲದು. ಭೇದಿಯಾದಾಗ ಊಟ ನಿಲ್ಲಿಸುವ ಪದ್ಧತಿಯಿಂದ ಎಷ್ಟೋ ಕೂಸುಗಳು ಸೊರಗಿದವು. ಆಗ ಉಪ್ಪು-ಸಕ್ಕರೆಯ ಜೀವಜಲದ ಜೊತೆಗೆ ಮೆತ್ತನೆಯ ಊಟ ಮುಂದುವರಿಸಬೇಕು. ಅಂಬಲಿ ಒಳ್ಳೆಯದೇ, ಆದರೆ ನೀರಾದ ಅಂಬಲಿಯಿಂದ ಕೂಸಿನ ಪುಟ್ಟ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಚಮಚದಿಂದ ಸುರಿಯದೆ ನಿಲ್ಲುವಷ್ಟು ಗಟ್ಟಿ ಇರಬೇಕು. ಬೆಲ್ಲವೂ ಸಿಹಿಯೇ, ಅದಕ್ಕೆ ಸಕ್ಕರೆಗಿಂತ ಬೇರೆ ಗೌರವ ಬೇಡ. ಚಹಾ ಎಳೆಯ ಮಕ್ಕಳಿಗೆ ಸಲ್ಲದು, ಅದು ಊಟದಲ್ಲಿಯ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಹಾಲು ಅರ್ಧ ಲೀಟರಿಗಿಂತ ಹೆಚ್ಚಾದರೆ ಕೂಸು ಊಟ ಬಿಡುತ್ತದೆ, ರಕ್ತ ಕಡಿಮೆಯಾಗುತ್ತದೆ. ಇಡೀ ಶೇಂಗಾ, ಹುರಿಗಡಲೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಹುರಿದು ನುಣ್ಣಗೆ ಪುಡಿ ಮಾಡಿಯೇ ಕೊಡಬೇಕು. ಹಿರಿಯರ ದಾರಿಯಲ್ಲಿ ನಡೆಯುವುದೆಂದರೆ ಕಣ್ಣು ಮುಚ್ಚಿ ನಡೆಯುವುದಲ್ಲ.

"ಯಾಳೆ ಎಲ್ಲಿ ಅದರೀ?" ಎಂದು ತಾಯಂದಿರು ಕೇಳುತ್ತಾರೆ. ಇದು ನಿಜವಾದ ಕಷ್ಟ. ಕಳೆ, ಸುಗ್ಗಿ, ದನಕರು, ನೀರು ಎಲ್ಲವೂ ಅವಳ ತಲೆಯ ಮೇಲೆಯೇ ಇರುವಾಗ ಕೂಸಿಗಾಗಿ ಬೇರೆ ಒಲೆ ಹೂಡು ಎಂದರೆ ಅದು ಉಪದೇಶವಲ್ಲ, ಇನ್ನೊಂದು ಹೊರೆ. ಆದರೆ ಕೂಸಿಗೆ ಬೇರೆ ಅಡಿಗೆ ಬೇಕಿಲ್ಲ. ಮನೆಯವರಿಗೆ ಮಾಡಿದ ಬೇಳೆಗೆ ಉಪ್ಪುಖಾರ ಹಾಕುವ ಮೊದಲು ಒಂದು ಬಟ್ಟಲು ತೆಗೆದಿಟ್ಟರೆ ಸಾಕು. ಅದರಲ್ಲಿ ಬಿಸಿ ರೊಟ್ಟಿಯನ್ನು ಮುರಿದು, ನೆನೆಸಿ, ಕಿವುಚಿ, ಮೇಲೊಂದು ಚಮಚ ತುಪ್ಪ ಹಾಕಿದರೆ ಮಧ್ಯಾಹ್ನದ ಊಟವಾಯಿತು. ಬೆಳಿಗ್ಗೆ ಜೋಳದ ನುಚ್ಚಿಗೆ ಹಾಲು, ಸಂಜೆ ಬಾಳೆಹಣ್ಣು ಮೊಸರು, ರಾತ್ರಿ ಹೆಸರುಬೇಳೆಯ ಖಿಚಡಿಯಲ್ಲಿ ಮೆಂತ್ಯ ಇಲ್ಲವೆ ನುಗ್ಗೆಯ ಸೊಪ್ಪು, ಮೇಲೆ ನಾಲ್ಕು ಹನಿ ಲಿಂಬೆರಸ. ಸೊಪ್ಪು-ಬೇಳೆಯ ಕಬ್ಬಿಣಾಂಶ ಲಿಂಬೆಯ ಹುಳಿಯಿಂದ ಚೆನ್ನಾಗಿ ಮೈಗೆ ಹತ್ತುತ್ತದೆ.

ಬಿಡುವಿದ್ದ ದಿನ ರಾಗಿ, ಹೆಸರುಗಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿ ಇಟ್ಟರೆ ಸುಗ್ಗಿಯ ದಿನಗಳಿಗೆ ಒದಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮೊಳಕೆಯ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುವುದಿಲ್ಲವಾದ್ದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಜೋಳವನ್ನು ಮಾತ್ರ ಹೀಗೆ ಮೊಳಕೆ ಬರಿಸಿ ಕೂಸಿಗೆ ಕೊಡಬೇಡಿರಿ. ಎಳೆಯ ಜೋಳದ ಪೈರು ಮೇಯ್ದ ದನ ಸಾಯುವುದನ್ನು ರೈತರು ಬಲ್ಲರು. ಆ ವಿಷದ ಅಂಶ ಮೊಳಕೆಯಲ್ಲಿಯೂ ಇರುತ್ತದೆ. ಜೋಳಕ್ಕೆ ನುಚ್ಚು, ರೊಟ್ಟಿಗಳೇ ಸರಿಯಾದ ದಾರಿ. ಅಂಗನವಾಡಿಯವರು, ವೈದ್ಯರು ಕೊಡುವ ಕಬ್ಬಿಣಾಂಶದ ಔಷಧವನ್ನು ಮನೆಯ ಊಟವಿದೆಯೆಂದು ಬಿಡಲೂಬಾರದು.

ಮಾಡಿದ್ದನ್ನು ಉಣಿಸುವವರಾರು? ಇಲ್ಲಿ ಗಂಡಸರಿಗೆ ನಮ್ಮ ಮಾತು. ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅರ್ಧ ತಾಸು ಉಣಿಸುವುದು ಹೆಂಗಸಿನ ಕೆಲಸವೆಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ. ಕಾಯಕದಲ್ಲಿ ಮೇಲು-ಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವ ನಾವು ಮನೆಯಲ್ಲಿ ಅದನ್ನು ತೋರಿಸಬೇಕಾದ ಜಾಗ ಇದೇ. ಕಟ್ಟೆಯ ಮೇಲೆ ಕುಳಿತ ಅಜ್ಜನಿಗೂ ಇದು ಸಲ್ಲುವ ಕೆಲಸ. ಶಾಲೆ ಮುಂದೆ ಯಾವ ಮಾಧ್ಯಮದ್ದಾದರೂ ಇರಲಿ, ನುಚ್ಚು, ಕಟ್ಟು, ಕೆನೆ, ತುತ್ತು ಎಂಬ ಮಾತುಗಳನ್ನು ಕೂಸು ಕಲಿಯುವುದು ಆ ತೊಡೆಯ ಮೇಲೆಯೇ.

ಒತ್ತಾಯ ಮಾತ್ರ ಬೇಡ. ಪ್ರಸಾದವನ್ನು ಯಾರ ಬಾಯಿಗೂ ತುರುಕುವುದಿಲ್ಲ. ಭಕ್ತನು ಕೈಯೊಡ್ಡಿ ಸ್ವೀಕರಿಸುತ್ತಾನೆ. ಕೂಸಿಗೂ ಆ ಮರ್ಯಾದೆ ಇರಲಿ. ಮುಖ ತಿರುಗಿಸಿದರೆ ನಿಲ್ಲಿಸಿ, ಇನ್ನೊಂದು ಹೊತ್ತು ಮತ್ತೆ ಕೊಡಿರಿ. ಹೊಸ ರುಚಿಯನ್ನು ಎಂಟು-ಹತ್ತು ಸಲ ಕೊಟ್ಟ ಮೇಲೆ ಒಪ್ಪುವ ಮಕ್ಕಳು ಬಹಳ. ಆದರೆ ನುಚ್ಚು ಬೇಡವೆಂದ ಕೂಡಲೇ ಪೊಟ್ಟಣ ಬಿಚ್ಚಿದರೆ, ಬೇಡವೆನ್ನುವುದನ್ನು ನಾವೇ ಕಲಿಸಿದಂತೆ ಆಗುತ್ತದೆ.

ಕೊನೆಯದಾಗಿ ಎರಡು ಕಠಿಣ ಮಾತು. ಗಂಡುಕೂಸಿನ ಬಟ್ಟಲಿಗೆ ಬಿದ್ದ ತುಪ್ಪ ಹೆಣ್ಣುಕೂಸಿನ ಬಟ್ಟಲಿಗೂ ಅಷ್ಟೇ ಬೀಳಬೇಕು. ಇದರಲ್ಲಿ ತಪ್ಪುವ ಮನೆಯಲ್ಲಿ ಸಮಾನತೆಯ ಮಾತು ಆಡುವ ಅಧಿಕಾರ ಯಾರಿಗೂ ಉಳಿಯುವುದಿಲ್ಲ. ಎರಡನೆಯದು, ಎಲ್ಲರೂ ಉಂಡ ಮೇಲೆ ಮಡಕೆಯ ತಳದಲ್ಲಿ ಉಳಿದದ್ದನ್ನು ತಾಯಿ ಉಣ್ಣುವ ಪದ್ಧತಿ ನಿಲ್ಲಬೇಕು. ಸಸ್ಯಾಹಾರಿಗಳಾದ ನಮಗೆ ಬಿ-12 ಜೀವಸತ್ವ ಊಟದಲ್ಲಿ ಸಿಗುವುದು ಹಾಲು, ಮೊಸರು, ಮಜ್ಜಿಗೆಗಳಿಂದಲೇ. ಮೊಲೆಯೂಡುವ ತಾಯಿಗೆ ಅದು ಇಲ್ಲದಿದ್ದರೆ ಅವಳ ಹಾಲಿನಲ್ಲಿಯೂ ಅದು ಕಡಿಮೆಯಾಗುತ್ತದೆ. ತಾಯಿಯ ಪಾಲು ಕಡಿದು ಕೂಸಿನ ಪಾಲು ತುಂಬಿಸಲು ಬರುವುದಿಲ್ಲ.

ಈ ಸುಗ್ಗಿಯಲ್ಲಿ ರಾಶಿ ಮನೆಗೆ ಬಂದಾಗ, ತಕ್ಕಡಿ ತರುವ ಮೊದಲು ಜೋಳದ್ದೊಂದು, ಬೇಳೆಯದೊಂದು, ಶೇಂಗಾದ್ದೊಂದು ಹೀಗೆ ಮೂರು ಡಬ್ಬಿ ತುಂಬಿ ಕೂಸಿನ ಹೆಸರಿಗೆ ಇಡಿರಿ. ಡೇರಿಯ ಕ್ಯಾನಿಗೆ ಹಾಲು ಸುರಿಯುವ ಮೊದಲು ಒಂದು ತಂಬಿಗೆ ತಾಯಿ-ಮಗುವಿಗೆ ತೆಗೆಯಿರಿ. ಹೊಲವಿಲ್ಲದ ವ್ಯಾಪಾರಸ್ಥರು ತಿಂಗಳ ಸಂತೆಯಲ್ಲಿ ಇದೇ ಪಾಲನ್ನು ಮೊದಲು ಕೊಳ್ಳಲಿ. ಉಳಿದದ್ದಕ್ಕೆ ಪೇಟೆಯ ದರ ಎಷ್ಟಾದರೂ ಬರಲಿ. ಕೇಳಲಾರದವರ ಪಾಲು ತೆಗೆದ ಮೇಲೆ ಬಂದ ಲಾಭವೇ ನಿಜವಾದ ಲಾಭ.



— ಕಾರ್ಯದರ್ಶಿ, ಶ್ರೀಮಠ