ನಾಳೆಯ ನನ್ನ ಪರವಾಗಿ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲು, ಗೋಡೆಗಳ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತೆ, ಮರುದಿನ ಬಂದು ಮತ್ತೆ ಅದನ್ನೇ ಓದಿ ಮತ್ತೆ ಹೋಗುತ್ತೆ ಅನ್ನೋ ನಂಬಿಕೆ. ಕನ್ನಡ ಓದಲು ಬರುವ, ದಿನದ ಲೆಕ್ಕ ಮಾತ್ರ ಬಾರದ ದೆವ್ವ, ಪಾಪ! ಈಗ ಆ ಬರಹ ಗೋಡೆಗಳ ಮೇಲೆ ಅಷ್ಟಾಗಿ ಕಾಣಲ್ಲ. ಆದರೆ ವಾಕಿಂಗ್ ಶೂ, ಯೋಗದ ಮ್ಯಾಟು, ಫ್ರಿಜ್ಜಿನಲ್ಲಿ ಬಾಡುತ್ತಿರುವ ಸೊಪ್ಪಿನ ಕಟ್ಟು ಇವಕ್ಕೆಲ್ಲ ನಾವು ದಿನಾ ಹೇಳೋದು ಅದನ್ನೇ ಅಲ್ವಾ?

ಗೊತ್ತಿಲ್ಲದೆ ಹೇಳ್ತೀವಿ ಅಂತೇನೂ ಅಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕು, ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅದಕ್ಕೂ ಎಷ್ಟೋ ಮುಂಚೆ ‘ಊಟ ಬಲ್ಲವನಿಗೆ ರೋಗವಿಲ್ಲ’ ಅಂತ ನಮ್ಮ ಅಜ್ಜಿಯರು ಹೇಳಿದ್ದರು. ಹಾಗಾದರೆ ಬಲ್ಲವರೂ ಯಾಕೆ ಮಾಡಲ್ಲ? ಇದು ಹಳೇ ಜಗಳ. ಒಳ್ಳೆಯದು ಯಾವುದು ಅಂತ ನಿಜವಾಗಿ ತಿಳಿದವನು ಕೆಟ್ಟದ್ದನ್ನು ಆರಿಸಲಾರ ಅಂತ ಸಾಕ್ರಟೀಸ್ ವಾದಿಸಿದ. ಇಲ್ಲ, ತಿಳಿದೂ ತಪ್ಪುತ್ತಾರೆ ಅಂತ ಅರಿಸ್ಟಾಟಲ್ ಹೇಳಿದ. ಅದನ್ನು ವಿವರಿಸುವಾಗ ಅವನು ಎತ್ತಿಕೊಳ್ಳುವ ಒಂದು ಉದಾಹರಣೆ ಸಿಹಿ ಪದಾರ್ಥದ್ದೇ. ಮದುವೆಮನೆಯಲ್ಲಿ ಮೂರನೇ ಹೋಳಿಗೆಗೆ ಎಲೆ ತೋರಿಸುವವರನ್ನು ನೋಡಿದರೆ ಅರಿಸ್ಟಾಟಲ್ಲೇ ಗೆದ್ದ ಅನ್ನಿಸುತ್ತೆ.

ನನಗೆ ಮಾತ್ರ ಇಲ್ಲಿ ಇನ್ನೊಂದು ಪ್ರಶ್ನೆ ಇದೆ ಅನ್ನಿಸುತ್ತೆ. ‘ನಾಳೆಯಿಂದ ಶುರು’ ಅಂದಾಗ ನಾವು ಕೆಲಸವನ್ನು ಮುಂದೂಡುವುದಷ್ಟೇ ಅಲ್ಲ, ಅದನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುತ್ತಿದ್ದೇವೆ. ಆ ಇನ್ನೊಬ್ಬರು ಯಾರು? ನಾಳೆಯ ನಾನು. ಡೆರೆಕ್ ಪಾರ್ಫಿಟ್ ಎಂಬ ಬ್ರಿಟಿಷ್ ತತ್ವಶಾಸ್ತ್ರಜ್ಞ 1984ರಲ್ಲಿ ಬಂದ ‘ರೀಸನ್ಸ್ ಅಂಡ್ ಪರ್ಸನ್ಸ್’ ಪುಸ್ತಕದಲ್ಲಿ ಒಬ್ಬ ಹುಡುಗನ ಉದಾಹರಣೆ ಕೊಡುತ್ತಾನೆ. ಐವತ್ತು ವರ್ಷದ ಮೇಲೆ ತುಂಬಾ ನರಳಬೇಕಾದೀತು ಅಂತ ಗೊತ್ತಿದ್ದೂ ಆ ಹುಡುಗ ಸಿಗರೇಟು ಹಚ್ಚುತ್ತಾನೆ. ಮುದುಕನಾದ ತಾನು ಅವನಿಗೆ ಯಾರೋ ಬೇರೆಯವನಂತೆ ಕಾಣುತ್ತಾನೆ. ಬೇರೆಯವರಂತೆ ಕಾಣುವುದಾದರೆ, ಪಾರ್ಫಿಟ್‌ನ ಪ್ರಕಾರ, ಬೇರೆಯವರಿಗೆ ಮಾಡಬಾರದ್ದನ್ನು ಅವನಿಗೂ ಮಾಡಬಾರದು. ಅಂದರೆ ಇದು ಬರೀ ದಡ್ಡತನವಲ್ಲ, ಅನ್ಯಾಯ. ಊರಲ್ಲಿಲ್ಲದ ತಮ್ಮನ ಪಾಲನ್ನು ಅಣ್ಣ ಸದ್ದಿಲ್ಲದೆ ಮಾರಿಕೊಂಡ ಹಾಗೆ.

ಆ ತಮ್ಮ ಒಂದು ದಿನ ಊರಿಗೆ ಬಂದೇ ಬರುತ್ತಾನೆ. ಒಬ್ಬನೇ ಬರುವುದೂ ಇಲ್ಲ. ನಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ಆಮೇಲೆ ಪ್ರತಿ ರಾತ್ರಿ ಅಮ್ಮ ಟಾರ್ಚ್ ಹಿಡಿದು ಉಳಿದ ಬೆರಳುಗಳ ಸಂದು ನೋಡೋರು, ಗಾಯವಾದಾಗ ನಾನು ಡ್ರೆಸ್ಸಿಂಗ್ ಮಾಡುತ್ತಿದ್ದೆ. ‘ನನ್ನ ದೇಹ, ನನ್ನಿಷ್ಟ’ ಅಂತ ಯಾರಾದರೂ ಅಂದಾಗ ನನಗೆ ಆ ಟಾರ್ಚಿನ ಬೆಳಕು ನೆನಪಾಗುತ್ತೆ. ದೇಹ ಅಪ್ಪನದೇ, ಆದರೆ ಅದನ್ನು ಎತ್ತಿ ಕೂರಿಸುವ ಕೈಗಳು ಮನೆಯವರದಾಗಿದ್ದವು.

ಹಾಗಂತ ಅಪ್ಪನ ಮೇಲೆ ನಾನು ತಪ್ಪು ಹೊರಿಸಲಾರೆ. ಅವರು ಬಸ್ ಕಂಡಕ್ಟರ್ ಆಗಿದ್ದವರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಸ್ಟ್ಯಾಂಡಿನಲ್ಲಿ ಸಿಕ್ಕ ಬೋಂಡ, ಟೀ ಮೇಲೆ ಮಧ್ಯಾಹ್ನದವರೆಗೆ ಟಿಕೆಟ್ ಹರಿದವರು. ಅವರ ಅಪ್ಪನಿಗೂ ಇದೇ ಕಾಯಿಲೆ ಇತ್ತು. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹ ಇದೆ ಅಂತ 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿತು. ಅದರರ್ಥ ದೇಶದಲ್ಲಿ 10 ಕೋಟಿ ಸೋಮಾರಿಗಳಿದ್ದಾರೆ ಅಂತಲ್ಲ. ವಂಶ, ದುಡಿಮೆ, ಬಡತನ, ನಡೆಯಲು ಫುಟ್‌ಪಾತೇ ಇಲ್ಲದ ಊರು, ಎಲ್ಲದಕ್ಕೂ ಇದರಲ್ಲಿ ಪಾಲಿದೆ. ಹಾಗಾಗಿ ಪಾರ್ಫಿಟ್‌ನ ವಾದವನ್ನು ಕನ್ನಡಿ ಮುಂದೆ ನಿಂತು ನಮಗೆ ನಾವೇ ಹೇಳಿಕೊಳ್ಳಬಹುದು. ಕಾಯಿಲೆ ಮನುಷ್ಯನ ಮುಂದೆ ನಿಂತು ಹೇಳಿದರೆ ಅದು ಕ್ರೌರ್ಯ.

ಸರಿ, ಮೋಟಿವೇಶನ್ ಎಲ್ಲಿಂದ ತರೋದು? ಅಪ್ಪನಿಗೆ ರಾತ್ರಿ ಎಂಟಕ್ಕೆ ಮಾತ್ರೆ ಕೊಡಲು ಅಮ್ಮ ಯಾವತ್ತೂ ಮೋಟಿವೇಶನ್‌ಗೆ ಕಾಯಲಿಲ್ಲ. ಮಗುವಿನ ಟಿಫನ್ ಡಬ್ಬಿ ತುಂಬಲು ಯಾವ ತಾಯಿಯೂ ಸ್ಫೂರ್ತಿದಾಯಕ ವಿಡಿಯೊ ನೋಡಲ್ಲ. ಎದುರಿಗೆ ಒಬ್ಬರು ಇದ್ದಾರೆ, ಅವರಿಗೆ ಬೇಕು, ಕೊಡ್ತೀವಿ, ಅಷ್ಟೆ. ನಾಳೆಯ ನಾನು ಎದುರಿಗಿಲ್ಲ, ಕೇಳಲು ಬಾಯಿಲ್ಲ. ಅದಕ್ಕೇ ಅವರ ಪರವಾಗಿ ಯಾರಾದರೂ ಮಾತಾಡಬೇಕು. ಇವತ್ತಿನ ನನ್ನನ್ನು ಬಿಟ್ಟರೆ ಆ ಕೆಲಸಕ್ಕೆ ಬೇರೆ ಯಾರೂ ಇಲ್ಲ.

ಹೀಗೆ ನೋಡಿದರೆ ಒಂದು ದಿನ ತಪ್ಪಿದರೂ ಆಕಾಶ ಬೀಳಲ್ಲ. ನಾವು ಆರೋಗ್ಯವನ್ನು ವ್ರತ ಮಾಡಿಕೊಳ್ತೀವಿ, ಒಂದು ದಿನ ತಪ್ಪಿದರೆ ‘ವ್ರತಭಂಗ ಆಯ್ತು, ಇನ್ನೇನು’ ಅಂತ ಪೂರ್ತಿ ಕೈಬಿಡ್ತೀವಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಒಂದು ಅಧ್ಯಯನ ಮಾಡಿದ್ದರು. ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಹಿಡಿಯಬಹುದು ಅಂತ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಿರಲಿಲ್ಲ. ಮಗುವಿನ ಡಬ್ಬಿ ಒಂದು ದಿನ ಮನೆಯಲ್ಲೇ ಉಳಿದರೆ ‘ಇನ್ಮೇಲೆ ಡಬ್ಬಿ ಕಟ್ಟೋದೇ ಬೇಡ’ ಅಂತ ಯಾರಾದರೂ ಅಂತಾರಾ?

ಹಾಗಾದರೆ ಇವತ್ತಿನ ನನಗೇನೂ ಬೇಡವೇ? ಬೇಕು. ಇವತ್ತಿನ ನಾನು ಕೂಡ ನಿನ್ನೆಯವರ ‘ನಾಳೆ’ಯೇ. ಯುಗಾದಿ ದಿನ ಎಲೆ ಮುಂದೆ ಕೂತು ಕ್ಯಾಲೊರಿ ಲೆಕ್ಕ ಹಾಕುವವರೂ ಒಬ್ಬರ ಪಾಲು ಕಿತ್ತುಕೊಳ್ಳುತ್ತಿದ್ದಾರೆ. ತುಪ್ಪ ಹಾಕಿಕೊಂಡು ಹೋಳಿಗೆ ತಿನ್ನಿ, ಚಪ್ಪರಿಸಿ ತಿನ್ನಿ. ಪಾಲು ನ್ಯಾಯವಾಗಿದ್ದರೆ ಆಯ್ತು.

ನನ್ನ ಮೂರು ತಿಂಗಳ ಷುಗರ್ ಟೆಸ್ಟ್ ನೋಡಿ ಡಾಕ್ಟರು ‘ಗಡಿಯಲ್ಲಿದ್ದೀರಿ’ ಅಂದಿದ್ದಾರೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತೇನೆ, ಜೋರು ಮಳೆಯಿದ್ದರೆ ಇಲ್ಲ. ರಾತ್ರಿ ಮಲಗುವ ಮುಂಚೆ ಒಂದು ಹಿಡಿ ಹೆಸರುಕಾಳು ನೆನೆಸಿಡುತ್ತೇನೆ. ಅದಕ್ಕೆ ಹಿಡಿಯೋದು ಅರ್ಧ ನಿಮಿಷ, ಯಾವ ಹುಮ್ಮಸ್ಸೂ ಬೇಕಿಲ್ಲ. ಬೆಳಗ್ಗೆ ಎದ್ದು ಹಸಿವಿನಿಂದ ಅಡುಗೆಮನೆಗೆ ಬರುವವರಿಗೆ ಅಲ್ಲಿ ಏನೋ ಒಂದು ಸಿದ್ಧವಾಗಿರಲಿ ಅಂತ.